ಮನೆಗಾಡಿಯನ್ನು ತಂಪಾಗಿಡುವ ಬಗೆ

ಏಪ್ರಿಲ್ ಹತ್ತೊಂಬತ್ತು, ಬೆಳಗ್ಗೆ ಏಳು ಗಂಟೆ
ಹೊರಗೆ ೨೯, ಒಳಗೆ ೨೬

ಪ್ರೀತಿಯ ಮಗಳಿಗೆ,

ಇಲ್ಲಿ ನಾನೂ ಗಾಡಿಯೂ ಚೆನ್ನಾಗಿದ್ದೇವೆ. ನನಗಿಂತ ಗಾಡಿ ಒಂದು ಕೈ ಮೇಲು, ಅದಕ್ಕೆ ಮೊಣಕಾಲು ನೋವಿಲ್ಲ. ನೀನು, ಅಳಿಯಂದಿರು, ಮೊಮ್ಮಗಳು ಕಡ್ಡಿ ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಬಿಡುವಿಲ್ಲದೆ ತಡವಾಯಿತು ಎಂದರೆ ನೀನು ನಗುತ್ತೀಯ, ಕೆಲಸದಿಂದ ನಿವೃತ್ತನಾದವನಿಗೆ ಎಂಥ ಬಿಡುವಿಲ್ಲ ಅಂತ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ಯಾವುದೋ ಸ್ಕ್ರೂ ಬಿಗಿ ಮಾಡಿದೆ. ಈಗ ಗಾಡಿಯಲ್ಲಿ ಸಡಿಲವಾದ ಸ್ಕ್ರೂ ಒಂದೂ ಉಳಿದಿಲ್ಲ.

ಮೇಲೆ 'ಪ್ರೀತಿಯ' ಆದಮೇಲೆ ಒಂದು ಮಸಿ ಕಲೆ ಇದೆಯಲ್ಲ, ಅದು 'ಮೊಂಡಿ' ಎಂದು ಬರೆದು ಹೊಡೆದುಹಾಕಿದ್ದು. ಇಷ್ಟು ವರ್ಷ ಎಲ್ಲ ಕಾಗದವೂ ಹಾಗೇ ಶುರುವಾಗುತ್ತಿತ್ತು, ಕೈ ತಾನಾಗಿ ಬರೆದುಬಿಟ್ಟಿತು. ಯಾಕೆ ಹೊಡೆದುಹಾಕಿದೆ ಎಂದು ಈಗಲೇ ಕೇಳಬೇಡ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪ, ಫೋನಿನಲ್ಲಿ ಹೇಳಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ಸರಿಯಿದೆ, ಸರಿಯಿದೆ ಅಂತೀಯ. ಈ ಬಿಸಿಲಲ್ಲಿ ಗಾಡೀನ ಹೇಗೆ ತಂಪಾಗಿಡ್ತೀಯ, ಒಂದೂ ಬಿಡದೆ ಬರೆದು ಕಳಿಸು. ಓದಿ ನೋಡಿ, ಕಡ್ಡೀನ ಕಳಿಸೋದೋ ಬಿಡೋದೋ ಹೇಳ್ತೀನಿ." ಮೇ ಎರಡರಿಂದ ಹನ್ನೆರಡು ದಿನ ನಿನಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಲ್ಯಾಬ್ ತರಬೇತಿ. ಅಳಿಯಂದಿರಿಗೆ ಅದೇ ಹೊತ್ತಿಗೆ ಅಚ್ಚುಕೂಟದಲ್ಲಿ ಪಠ್ಯಪುಸ್ತಕದ ಕೆಲಸ, ತಲೆ ತುರಿಸಿಕೊಳ್ಳಲೂ ಪುರಸೊತ್ತಿರುವುದಿಲ್ಲ. ಮಗುವನ್ನು ನೋಡಿಕೊಳ್ಳಲು ಉಳಿದವನು ನಾನೊಬ್ಬ, ನನ್ನ ಮನೆಗೋ ನಾಲ್ಕು ಚಕ್ರ. ನೀನು ಯೋಚಿಸುವುದು ನ್ಯಾಯವೇ.

ಬೇರೆ ಯಾರಾದರೂ ಕೇಳಿದ್ದರೆ, ಮೂವತ್ತನಾಲ್ಕು ವರ್ಷ ಕೋಲ್ಡ್ ಸ್ಟೋರೇಜಿನ ಯಂತ್ರ ನೋಡಿಕೊಂಡವನಿಗೆ ತಂಪಿನ ಪಾಠವೇ ಎಂದು ಮೀಸೆ ತಿರುವುತ್ತಿದ್ದೆ. ನಿನ್ನ ಮುಂದೆ ತಿರುವಲಾರೆ. ನಿನಗೆ ಏಳು ವರ್ಷವಾಗಿದ್ದಾಗ, ನಾನು ಕಟ್ಟಿದ ಮೊದಲನೆಯ ಗಾಡಿಯೊಳಗೆ, ಇಂಥದೇ ಬೇಸಿಗೆಯ ಮಧ್ಯಾಹ್ನ ನೀನು ಜ್ಞಾನ ತಪ್ಪಿ ಬಿದ್ದಿದ್ದೆ. ನಾಲ್ಕು ದಿನ ಆಸ್ಪತ್ರೆ. ಆ ಕಥೆ ನಮ್ಮ ಬಳಗದಲ್ಲಿ ಯಾರಿಗೆ ಗೊತ್ತಿಲ್ಲ? ಕೆಂಪು ಚಪ್ಪಲಿ ಕೊಡಿಸಲಿಲ್ಲ ಅಂತ ಮುಖ ಊದಿಸಿಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡು, ಎಷ್ಟು ಕರೆದರೂ ಬರದೆ ಕೂತಳು ನಮ್ಮ ಮೊಂಡಿ. ನಿನ್ನ ಅಮ್ಮ ಇರುವವರೆಗೂ ಬಂದವರಿಗೆಲ್ಲ ಚಹಾದ ಜೊತೆ ಅದನ್ನೂ ಕೊಡುತ್ತಿದ್ದಳು. ನಿನ್ನ ಮದುವೆಯಲ್ಲಿ ಬೀಗರಿಗೂ ಹೇಳಿ ನಗಿಸಿದಳು: "ಈಗಲೇ ನೋಡ್ಕೊಳ್ಳಿ, ಪ್ರಾಣ ಹೋದ್ರೂ ಹಠ ಬಿಡೋಳಲ್ಲ ಇವಳು." ನೀನೂ ನಕ್ಕೆ. ಆ ದಿನದ್ದು ನಿನಗೇನೂ ನೆನಪಿಲ್ಲ, ನಾವು ಹೇಳಿದ್ದೇ ನಿನ್ನ ನೆನಪು.

ಇರಲಿ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಮೊದಲನೆಯದು ಗಾಡಿ ನಿಲ್ಲಿಸುವ ಜಾಗ. ಬೆಳಗ್ಗೆ ಒಂಬತ್ತಕ್ಕೆ ನೆರಳಿದ್ದಲ್ಲಿ ನಿಲ್ಲಿಸಿ ಜನ ಜಾಣರಾಗುತ್ತಾರೆ. ಬೇಕಾದದ್ದು ಮಧ್ಯಾಹ್ನ ಮೂರರ ನೆರಳು. ಮನೆಗಾಡಿಗಳು ನಿಲ್ಲುವ ಈ ಮೈದಾನಕ್ಕೆ ಬಂದ ಹೊಸದರಲ್ಲಿ ಒಂದು ದಿನವಿಡೀ ಕುರ್ಚಿ ಹಾಕಿಕೊಂಡು ಕೂತು, ದೊಡ್ಡ ಮರದ ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸುಣ್ಣದಲ್ಲಿ ಗೆರೆ ಎಳೆದೆ. ಅಕ್ಕಪಕ್ಕದ ಗಾಡಿಯವರು ಯಾವುದೋ ಆಟಕ್ಕೆ ಅಂಕಣ ಹಾಕುತ್ತಿದ್ದೇನೆ ಎಂದುಕೊಂಡು, ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಈಗ ಗಾಡಿಯ ಮುಂದಿನ ದೊಡ್ಡ ಗಾಜು ಉತ್ತರಕ್ಕಿದೆ, ಬಾಗಿಲು ಪೂರ್ವಕ್ಕೆ. ಪಶ್ಚಿಮಕ್ಕೆ ಕಿಟಕಿ ಒಂದೇ, ಅದಕ್ಕೂ ಹೊರಗಿನಿಂದ ಪರದೆ. ಹೊರಗಿನಿಂದ ಎನ್ನುವುದನ್ನು ಗಮನಿಸು. ಎಲ್ಲರೂ ಪರದೆಯನ್ನು ಒಳಗೆ ಹಾಕುತ್ತಾರೆ, ಅಷ್ಟು ಹೊತ್ತಿಗೆ ಬಿಸಿಲು ಗಾಜು ದಾಟಿ ಒಳಗೆ ಬಂದು ಕೂತಿರುತ್ತದೆ.

ಮಾಡಿಗೆ ಬಿಳಿ ಬಣ್ಣ. ಅದರ ಮೇಲೆ ಗೇಣುದ್ದ ಅಂತರ ಬಿಟ್ಟು ಒಂದು ಹಗುರ ಶೀಟು ಕೂರಿಸಿದ್ದೇನೆ. ಬಿಸಿಲೆಲ್ಲ ಆ ಶೀಟಿನ ಪಾಲು, ನಡುವೆ ಗಾಳಿ ಓಡಾಡುತ್ತದೆ. ಇದೊಂದೇ ಕೆಲಸಕ್ಕೆ ಒಳಗೆ ಐದು ಡಿಗ್ರಿ ಇಳಿಯಿತು. ಶೀಟಿನ ಮೇಲೆ ಧೂಳು ಕೂತರೆ ಪ್ರಯೋಜನವಿಲ್ಲ, ವಾರಕ್ಕೊಮ್ಮೆ ಏಣಿ ಹತ್ತಿ ತೊಳೆಯುತ್ತೇನೆ. ಪಕ್ಕದ ಗಾಡಿಯಲ್ಲಿ ಇರುವವರು ಒಬ್ಬರು ನಿವೃತ್ತ ನರ್ಸು. ಮೈದಾನಕ್ಕೆಲ್ಲ ಅವರು ನರ್ಸಮ್ಮ. ನಾನು ಏಣಿ ಹತ್ತಿದಾಗಲೆಲ್ಲ ಕೆಳಗೆ ನಿಂತು, "ಬೀಳೋದಾದ್ರೆ ಈ ಕಡೆ ಬೀಳಿ, ಆ ಕಡೆ ನನ್ನ ಗಿಡ ಇದಾವೆ" ಅನ್ನುತ್ತಾರೆ.

ಕಿಟಕಿಗಳನ್ನು ಬೆಳಗ್ಗೆ ಎಂಟೂವರೆಗೆ ಮುಚ್ಚುತ್ತೇನೆ, ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆಯೇ ತೆಗೆಯುವುದು. ತೆಗೆದಮೇಲೆ ಮಾಡಿನ ಫ್ಯಾನು ಗಾಳಿಯನ್ನು ಹೊರಕ್ಕೆ ಎಳೆಯುವಂತೆ ತಿರುಗಬೇಕು, ನೆರಳಿನ ಕಡೆಯ ಕಿಟಕಿ ಕೆಳಗೆ ಒಂದು ಗೇಣು ತೆರೆದಿರಬೇಕು. ಆಗ ಕೆಳಗಿನಿಂದ ತಣ್ಣನೆಯದು ಬರುತ್ತದೆ, ಮೇಲಿನಿಂದ ಬಿಸಿಯದು ಹೋಗುತ್ತದೆ. ಒಲೆ ಒಳಗೆ ಹಚ್ಚುವುದೇ ಇಲ್ಲ. ಅಡುಗೆಯೆಲ್ಲ ಹೊರಗಿನ ಚಪ್ಪರದ ಕೆಳಗೆ. ಫ್ರಿಜ್ಜಿನ ಬೆನ್ನ ಹಿಂದಿನ ಜಾಲರಿ ನೆರಳಿನಲ್ಲಿರಬೇಕು, ಅದೂ ಉಸಿರಾಡಬೇಕಲ್ಲ. ಎಸಿಯನ್ನು ಹತ್ತಕ್ಕೇ ಹಾಕುತ್ತೇನೆ. ಮಧ್ಯಾಹ್ನ ಬೆವರು ಸುರಿಯುವಾಗ ಹಾಕಿದರೆ ಅದು ಸಂಜೆಯವರೆಗೆ ಗೋಳಾಡುತ್ತದೆಯೇ ಹೊರತು ಗಾಡಿ ತಣ್ಣಗಾಗುವುದಿಲ್ಲ.

ಇನ್ನು ಗೋಡೆ. ಇದನ್ನು ಎರಡು ಸಲ ಓದು. ಗೋಡೆಯೊಳಗೆ ಥರ್ಮೋಕೋಲು ತುಂಬಿದರೆ ತಂಪು ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತು. ಕರೆಂಟು ಹೋಗಿ ಯಂತ್ರ ನಿಂತಮೇಲೆ, ಗಾಜಿನಿಂದ ಬಂದ ಬಿಸಿಯನ್ನೂ ಅದೇ ಗೋಡೆ ಹೊರಗೆ ಬಿಡುವುದಿಲ್ಲ. ತಂಪನ್ನು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ. ನನಗೆ ಇದು ತಡವಾಗಿ ಗೊತ್ತಾಯಿತು. ಆದ್ದರಿಂದ ಈ ಗಾಡಿಯಲ್ಲಿ ಎರಡು ಬ್ಯಾಟರಿ ಇವೆ, ಕರೆಂಟು ಹೋದರೂ ಫ್ಯಾನು ಏಳು ಗಂಟೆ ಓಡುತ್ತದೆ. ಥರ್ಮಾಮೀಟರು ಮೂರು. ಒಂದು ಹೊರಗೆ, ಒಂದು ಮಾಡಿನ ಹತ್ತಿರ, ಒಂದು ಕಡ್ಡಿ ಮಲಗುವ ಹಾಸಿಗೆಯ ದಿಂಬಿನ ಎತ್ತರಕ್ಕೆ. ದಿಂಬಿನ ಹತ್ತಿರದ್ದು ಮೂವತ್ತೆರಡು ದಾಟಿದರೆ ಕಿರುಚುತ್ತದೆ. ಕಿರುಚಿದರೆ ವಿಚಾರಣೆ ಇಲ್ಲ, ಇಬ್ಬರೂ ಇಳಿದು ಮೈದಾನದಾಚೆಯ ವಾಚನಾಲಯಕ್ಕೆ ಹೋಗುವುದು. ಕಲ್ಲಿನ ಕಟ್ಟಡ, ದಪ್ಪ ಗೋಡೆ. ಅಲ್ಲಿಯ ಗ್ರಂಥಪಾಲಕರಿಗೆ ಆಗಲೇ ಹೇಳಿಟ್ಟಿದ್ದೇನೆ.

ಬಾಗಿಲಿನ ಚಿಲಕ, ಬೀಗ, ಕೊಂಡಿ ಎಲ್ಲ ಕಿತ್ತುಹಾಕಿದ್ದೇನೆ. ಒಳಗಿನಿಂದ ಅಂಗೈ ಇಟ್ಟು ತಳ್ಳಿದರೆ ತೆರೆದುಕೊಳ್ಳುತ್ತದೆ. ನರ್ಸಮ್ಮನ ಬೆಕ್ಕು ದಿನಕ್ಕೆರಡು ಸಲ ತೆರೆದುಕೊಂಡು ಹೋಗುತ್ತದೆ.

ನರ್ಸಮ್ಮನಿಗೆ ಇದನ್ನೆಲ್ಲ ತೋರಿಸಿದೆ. ಮೂರು ಥರ್ಮಾಮೀಟರುಗಳನ್ನೂ ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದರು: "ಎಲ್ಲ ಸರಿ ಮೇಸ್ತ್ರಿ. ಆದ್ರೆ ನೀವು ಮಗೂನ ನೋಡ್ತೀರೋ ಅಂಕಿ ನೋಡ್ತೀರೋ? ಅಂಕಿ ಬೆವರಲ್ಲ, ಅಳಲ್ಲ. ಮಗು ಬೆವರೋದು ನಿಲ್ಸಿದ್ರೆ, ಮಾತು ತಡವರಿಸಿದ್ರೆ, ನಿಮ್ಮ ಮೀಟರ್ ಏನಾದ್ರೂ ಹೇಳ್ಲಿ, ನನ್ನನ್ನ ಕೂಗಿ." ಆಮೇಲೆ ನನ್ನ ಕಡೆ ನೋಡಿ, "ಯಾಕೆ, ಮುಖ ಬಿಳಿಚ್ಕೊಂಡಿತು?" ಎಂದರು. ಬಿಸಿಲು ಎಂದೆ. "ನೆರಳಲ್ಲಿ ನಿಂತಿದೀರಿ" ಎಂದು ಹೋದರು.

ಕೈ ನೋಯುತ್ತಿದೆ, ಉಳಿದದ್ದು ನಾಳೆ.

ಏಪ್ರಿಲ್ ಇಪ್ಪತ್ತು, ಮಧ್ಯಾಹ್ನ ಮೂರು ಗಂಟೆ
ಹೊರಗೆ ೪೦, ಒಳಗೆ ೨೭

ಮೇಲಿನ ಎರಡು ಅಂಕಿ ನಿನಗೋಸ್ಕರವೇ ಬರೆದದ್ದು. ಸಾಲಾಗಿ ಹತ್ತು ದಿನದ್ದು ಬರೆದಿಟ್ಟಿದ್ದೇನೆ, ಬೇರೆ ಹಾಳೆಯಲ್ಲಿದೆ. ಒಂದು ದಿನ ಮಾತ್ರ ಮೂವತ್ತೊಂದಕ್ಕೆ ಹೋಗಿತ್ತು. ಕರೆಂಟು ಮೂರು ಗಂಟೆ ಇರಲಿಲ್ಲ. ಮುಚ್ಚಿಡದೆ ಅದನ್ನೂ ಬರೆದಿದ್ದೇನೆ.

ಕಡ್ಡಿಗೆ ಹಾಸಿಗೆಯ ಮೇಲೆ ಒಂದು ಪುಟ್ಟ ಫ್ಯಾನು ಹಾಕಿದ್ದೇನೆ, ಗುಂಡಿ ಅವಳ ಕೈಗೆ ಸಿಗುವಂತೆ. ಬಟ್ಟೆ ಇಡಲು ಒಂದು ಖಾನೆ ಖಾಲಿ ಮಾಡಿದೆ. ಅಳಿಯಂದಿರು ಅಚ್ಚುಕೂಟದಲ್ಲಿ ಉಳಿದ ಕಾಗದದಿಂದ ಚಿತ್ರ ಬರೆಯುವ ಪುಸ್ತಕ ಹೊಲಿದುಕೊಟ್ಟರೆ ಚೆನ್ನ, ಇಲ್ಲಿ ಮಧ್ಯಾಹ್ನ ಉದ್ದ.

ಈಗ ಫೋನಿನ ವಿಷಯ. ಹೋದ ಭಾನುವಾರ ಕಡ್ಡಿಯ ಜೊತೆ ಮಾತಾಡುತ್ತಾ ನಡುವೆ ನಾನು ಫೋನ್ ಇಟ್ಟುಬಿಟ್ಟೆ, ನೀನು ಮತ್ತೆ ಮಾಡಿದಾಗ ಲೈನ್ ಹೋಯಿತು ಎಂದೆ. ಲೈನ್ ಹೋಗಿರಲಿಲ್ಲ. ಅವಳು ಹೇಳಿದ್ದನ್ನು ನೀನೂ ಪಕ್ಕದಲ್ಲಿ ನಿಂತು ಕೇಳಿರಬೇಕು. "ತಾತ, ನಾನು ಅಮ್ಮನ ಥರ ಹಠ ಮಾಡಲ್ಲ. ನೀವು ಕೂತ್ಕೋ ಅಂದ ಕಡೆ ಕೂತ್ಕೋತೀನಿ. ನೀವು ಹೇಳೋವರೆಗೂ ಏಳಲ್ಲ, ಬಾಗಿಲು ಮುಟ್ಟಲ್ಲ. ಪ್ರಾಮಿಸ್." ಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದಳು. ಹೇಳಿಕೊಟ್ಟವಳು ನೀನು. ಯಾಕೆ ಹೇಳಿಕೊಟ್ಟೆ ಎಂದೂ ಗೊತ್ತು. ದೊಡ್ಡವರ ಮಾತು ಕೇಳದೆ ನಾನು ಸಾಯುತ್ತಿದ್ದೆ, ನನ್ನ ಮಗಳಿಗೆ ಹಾಗಾಗಬಾರದು ಎನ್ನುವುದು ನಿನ್ನ ಲೆಕ್ಕ. ಅವಳು ಲೋಟ ಎತ್ತುವ ಮುಂಚೆ ನಿನ್ನ ಮುಖ ನೋಡುತ್ತಾಳೆ, ಹೋದ ಸಲ ಬಂದಾಗಲೇ ನೋಡಿದೆ. ಅಷ್ಟು ಶಿಸ್ತಿನ ಮಗು ಎಲ್ಲೂ ಇಲ್ಲ ಎಂದು ನಾನೇ ಹೊಗಳಿದ್ದೆ. ಬಾಯಿಗೆ ಹುಳ ಬೀಳಬೇಕು ನನಗೆ.

ಫೋನ್ ಇಟ್ಟಮೇಲೆ ಎದುರಿಗೆ ಸಿಕ್ಕವರು ನರ್ಸಮ್ಮ. ಏನೇನೋ ಹೇಳಿಬಿಟ್ಟೆ. ಅವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ಕೊನೆಯ ಕುಂಡ ಮುಗಿಸಿ, "ನನಗ್ಯಾಕೆ ಹೇಳ್ತೀರಿ ಮೇಸ್ತ್ರಿ? ಹೇಳಬೇಕಾದವರಿಗೆ ಹೇಳಿ" ಎಂದು ಪೈಪು ಸುತ್ತಿಟ್ಟು ಒಳಗೆ ಹೋದರು.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟು. ಕಡ್ಡಿಯನ್ನು ಕಳಿಸಿದರೆ, ಬಂದ ದಿನವೇ ನಾನು ಕಲಿಸುವುದು ಬಾಗಿಲು ತಳ್ಳುವುದನ್ನು. ಹತ್ತು ಸಲ ತಳ್ಳಿಸುತ್ತೇನೆ. ಆಮೇಲೆ ನಾನೇ ಹೊರಗೆ ನಿಂತು "ತೆಗೀಬೇಡ" ಎಂದು ಗದರಿಸಿ, ಆಗಲೂ ತಳ್ಳಿಸುತ್ತೇನೆ. ಅದನ್ನು ಕಲಿಯದೆ ಒಂದು ಮಧ್ಯಾಹ್ನವೂ ಅವಳು ಒಳಗೆ ಮಲಗುವುದಿಲ್ಲ. ಕಳಿಸುವುದೂ ಬಿಡುವುದೂ ನಿನಗೆ ಸೇರಿದ್ದು. ಬಿಟ್ಟರೆ ಒಂದು ಮಾತೂ ಆಡುವುದಿಲ್ಲ.

ನೀನು ನೂರು ಕಾಲ ಚೆನ್ನಾಗಿರು. ಅಳಿಯಂದಿರ ಕಣ್ಣಿಗೆ ಅಚ್ಚಿನ ಕೆಲಸದಲ್ಲಿ ಆಯಾಸವಾಗದಿರಲಿ. ಕಡ್ಡಿಯ ಕೆನ್ನೆ ಹಿಂಡಿದೆ ಎಂದು ಹೇಳು. ನಿಮ್ಮ ಮೂವರ ಮನೆಯಲ್ಲೂ ಗಾಳಿ ಆಡುತ್ತಿರಲಿ.

ಇಂತಿ ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸರಿಯಿದೆ, ಸರಿಯಿದೆ ಎಂದ ಹಾಗೇ ಆಗುತ್ತದೆ.

ಕೆಂಪು ಚಪ್ಪಲಿಯ ಜಗಳ ನಡೆಯಲೇ ಇಲ್ಲ. ನೀನು ಚಿಲಕ ಹಾಕಿಕೊಳ್ಳಲಿಲ್ಲ, ಆ ಗಾಡಿಗೆ ನಾನಿನ್ನೂ ಚಿಲಕವನ್ನೇ ಹಾಕಿರಲಿಲ್ಲ. ನಿನ್ನನ್ನು ಯಾರೂ ಕರೆಯಲೂ ಇಲ್ಲ.

ಕೋಲ್ಡ್ ಸ್ಟೋರೇಜಿನ ಗೋಡೆಗೆ ಹಾಕುವ ಹಲಗೆಯನ್ನೇ ಗಾಡಿಗೆ ಹಾಕಿದ್ದೆ. ಯಂತ್ರ ಆರಿಸಿದರೂ ಎರಡು ಗಂಟೆ ತಂಪು ನಿಲ್ಲುತ್ತದೆ ಎಂದು ನಮ್ಮ ಮಾಲೀಕರ ಮುಂದೆ ಕೊಚ್ಚಿಕೊಂಡಿದ್ದೆ. ತೋರಿಸಬೇಕಾಗಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ನಾವು ಮಾಡುವುದು ಹೀಗೆ: ಒಬ್ಬ ಒಳಗೆ ಕೂತು ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರು ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ, ಮುಗಿಯುವವರೆಗೆ ಬಾಗಿಲು ತೆಗೆಯುವ ಹಾಗಿಲ್ಲ, ತೆಗೆದರೆ ಅಂಕಿ ಕೆಡುತ್ತದೆ. ನೀನು ಆಗಷ್ಟೇ ಥರ್ಮಾಮೀಟರು ಓದಲು ಕಲಿತಿದ್ದೆ. "ನಾನು ಬರೀತೀನಪ್ಪ" ಎಂದು ಕುಣಿದೆ. ನಿನ್ನ ಕೈಗೆ ಪುಸ್ತಕ, ಪೆನ್ಸಿಲು, ಅಲಾರಂ ಗಡಿಯಾರ ಕೊಟ್ಟು, "ನಾನು ಬಂದು ತೆಗೆಯೋವರೆಗೂ ನೀನು ಬಾಗಿಲು ತೆಗೀಬಾರದು, ಏನಾದ್ರೂ ಸರಿ" ಎಂದು ಹೇಳಿ, ಯಂತ್ರ ಆರಿಸಿ ಹೋದೆ. ನೀನು ತಲೆಯಾಡಿಸಿದೆ. ಆಗ ಹನ್ನೆರಡು ಗಂಟೆ.

ನೀನು ಒಳಗಿರುವುದನ್ನು ಮರೆತಿದ್ದರೆ ಇಷ್ಟು ವರ್ಷದಲ್ಲಿ ಒಂದು ದಿನ ಬಾಯಿ ಬಿಡುತ್ತಿದ್ದೆನೋ ಏನೋ. ಮರೆತಿರಲಿಲ್ಲ. ಮಾಲೀಕರ ಕೋಣೆಯಲ್ಲಿ ಮಾತಾಡುತ್ತಾ ಎರಡು ಸಲ ಗಡಿಯಾರ ನೋಡಿದೆ. ಎರಡು ಸಲವೂ, ಇನ್ನಷ್ಟು ಅಂಕಿ ಸಿಕ್ಕರೆ ಒಳ್ಳೆಯದೇ ಎಂದುಕೊಂಡೆ. ಬಂದದ್ದು ಎರಡೂವರೆಗೆ.

ಡಾಕ್ಟರು, "ಮಗು ಯಾಕೆ ಹೊರಗೆ ಬರಲಿಲ್ಲ?" ಎಂದು ಕೇಳಿದರು. "ಹಠ, ಡಾಕ್ಟ್ರೇ" ಎಂದಿತು ನನ್ನ ಬಾಯಿ. ಯಾವುದಕ್ಕೆ ಹಠ ಎಂದು ನಿನ್ನ ಅಮ್ಮ ಹೊಲಿಗೆ ಅಂಗಡಿಯಿಂದ ಓಡಿಬಂದು ಕೇಳಿದಾಗ, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ನೇತುಹಾಕಿದ್ದ ಕೆಂಪು ಚಪ್ಪಲಿ ಕಂಡಿತು. ಮರುದಿನ ಅದನ್ನೇ ಕೊಂಡುತಂದು ನಿನ್ನ ಮಂಚದ ಕೆಳಗೆ ಇಟ್ಟೆ. ನೀನು ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. "ಇದಕ್ಕೋಸ್ಕರ ನಾನು ಅಷ್ಟು ಕೆಟ್ಟದಾಗಿ ನಡ್ಕೊಂಡ್ನಾ ಅಪ್ಪ?" ಎಂದು ಕೇಳಿದೆ. ಹೂಂ ಎಂದೆ. ನಿನ್ನ ಅಮ್ಮ ಅದನ್ನೇ ನಂಬಿಕೊಂಡು ಹೋದಳು.

ನೀನು ಮೊಂಡಿಯಲ್ಲ. ಹೇಳಿದ ಮಾತನ್ನು ನಿನ್ನಷ್ಟು ಕೇಳಿದ ಮಗು ಇನ್ನೊಂದಿಲ್ಲ, ಕೇಳಿಯೇ ಸಾಯುತ್ತಿದ್ದೆ. ನಾನು ಮಾಡಿದ್ದು ತಪ್ಪು. ಅದನ್ನು ನಿನ್ನ ಹೆಸರಿಗೆ ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸು ಎಂದು ಕೇಳುವ ಮುಖವಿಲ್ಲ.

ಆ ಪುಸ್ತಕವನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಬಿಟ್ಟು ಯಾರೂ ಓದಿಲ್ಲ. ಹನ್ನೆರಡಕ್ಕೆ ೨೨, ಅಲ್ಲಿಂದ ಒಂದನ್ನೂ ಬಿಡದೆ ಬರೆದಿದ್ದೀಯ. ಒಂದು ಗಂಟೆಗೆ ೩೧, ಒಂದೂವರೆಗೆ ೩೬. ಅಕ್ಷರ ಗೆರೆ ಬಿಟ್ಟು ಕೆಳಗಿಳಿಯುತ್ತಾ ಹೋಗಿದೆ. ಎರಡು ಗಂಟೆಗೆ ೪೧. ಅದರ ಕೆಳಗೆ ಅಂಕಿಯಿಲ್ಲ. ಅಂಕಿ ಬರೆಯುವ ಜಾಗದಲ್ಲಿ, "ಅಪ್ಪ ಬಾಗಿಲು ತೆಗೀಲಾ" ಎಂದು ಬರೆದಿದ್ದೀಯ.

ಅದಕ್ಕೆ ಉತ್ತರ ಇಪ್ಪತ್ತೆಂಟು ವರ್ಷ ತಡವಾಯಿತು. ತೆಗಿ, ಮಗಳೇ. ಯಾರನ್ನೂ ಕೇಳಬೇಡ, ತೆಗಿ.